ಇಲ್ಲಿ ಗೂಡು ಮಾಡಿಕೊಡಲಾಗುವುದು

ಗೌರಿಬಿದನೂರಿನ ಪಕ್ಕದ ಕುಡುಮಲಕುಂಟೆಯಲ್ಲಿ ನಾನು ಲೆಕ್ಕ ಬರೆಯುವ ಕಾರ್ಖಾನೆಯ ಹಿತ್ತಿಲಿನಲ್ಲಿ ನೀರಿನ ಟ್ಯಾಂಕೊಂದು ಬಿರುಕು ಬಿಟ್ಟಿತ್ತು. ಅದಕ್ಕೆ ತೇಪೆ ಹಾಕಲು ಇಬ್ಬರು ಬಂದಿದ್ದರು. ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಉಗುರಿಗೆ ಹಚ್ಚುವ ಬಣ್ಣವನ್ನೂ ಸೀಮೆಎಣ್ಣೆಯನ್ನೂ ಒಟ್ಟಿಗೆ ಕಾಯಿಸಿದ ಹಾಗಿನ ವಾಸನೆ. ಫೈಬರ್ ಕೆಲಸದವರು ಬಳಿಯುವ ರೆಸಿನ್ ಅದು. ಪಕ್ಕದ ಮೇಜಿನಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿ ಹಾಕಿದರು. ನಾನು ಡಬ್ಬಿಗೆ ಮುಚ್ಚಳ ಹಾಕಿಬಿಟ್ಟೆ. ಆ ವಾಸನೆ ಇದ್ದ ಕಡೆ ನನಗೆ ಅನ್ನ ಇಳಿಯುವುದಿಲ್ಲ. ನನ್ನ ಮಟ್ಟಿಗೆ ಅದು ಚಿಕ್ಕಪ್ಪನ ವಾಸನೆ.

ಚಿಕ್ಕಪ್ಪ ಎಂದರೆ ಅಪ್ಪನ ತಮ್ಮ. ತೀರಿಹೋಗಿ ಇನ್ನೂ ಎರಡು ತಿಂಗಳಾಗಿಲ್ಲ. ಬಹುವಚನ ಕೊಡಬೇಕಾದ ಸಂಬಂಧ, ಮೇಲಾಗಿ ಈಗ ಇಲ್ಲದವರು. ಆದರೆ ಬರೆಯಲು ಕೂತರೆ ಕೈ ಏಕವಚನಕ್ಕೇ ಇಳಿಯುತ್ತದೆ. ಇಳಿಯಲಿ ಬಿಡಿ.

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯ ಪಕ್ಕದಲ್ಲೇ ನಮ್ಮ ಮನೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಹೋದರು. ಮನೆಯಲ್ಲಿ ಉಳಿದವರು ತಾತ, ಅಮ್ಮ, ನಾನು ಮತ್ತು ಈ ಚಿಕ್ಕಪ್ಪ. ಆಗ ಅವನಿಗೆ ಮದುವೆಯಾಗಿರಲಿಲ್ಲ. ಬೆಂಗಳೂರಿನಲ್ಲಿ ಕಾರುಗಳಿಗೆ ಸೀಟ್ ಕವರು, ಸ್ಪೀಕರು ಹಾಕುವ ಅಂಗಡಿಯೊಂದರಲ್ಲಿ ಸ್ವಲ್ಪ ಕಾಲ ಇದ್ದು, ಒಂದು ದಿನ ಬ್ಯಾಗು ಹಿಡಿದು ವಾಪಸು ಬಂದ. ಕೆಲಸ ಪೂರ್ತಿ ಕಲಿತು ಬಂದೆ ಎಂದು ಅವನು ಹೇಳಿದ. ಓಡಿಸಿದರು ಎಂಬುದು ನನ್ನ ಅಂದಾಜು. ರಸ್ತೆಯ ಆಚೆ ಬದಿಗೆ ನಮ್ಮದೇ ಒಂದು ತುಂಡು ಜಾಗವಿತ್ತು. ಅಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಕಾರಿನ ಡಿಕ್ಕಿಗೆ ಫೈಬರ್ ಡಬ್ಬ ಮಾಡುವ ಕೆಲಸಕ್ಕೆ ಕೂತ.

ಈ ಡಬ್ಬ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾರಿನ ಹಿಂದೆ ಒಂದು ದಪ್ಪ ಸ್ಪೀಕರ್ ಕೂರಿಸುತ್ತಾರೆ, ವೂಫರ್ ಅಂತ. ಅದು ಹಾಡಿನ ದುಂ ದುಂ ಸದ್ದನ್ನು ಮಾತ್ರ ಎತ್ತಿಕೊಂಡು ದಾರಿಯಲ್ಲಿ ಹೋಗುವವರ ಎದೆಗೆ ಗುದ್ದುತ್ತದೆ. ಆ ಸ್ಪೀಕರಿಗೆ ಒಂದು ಪೆಟ್ಟಿಗೆ ಬೇಕು. ಮರದ ಪೆಟ್ಟಿಗೆ ಸಾಮಾನ್ಯದವರಿಗೆ. ಡಿಕ್ಕಿಯ ಮೂಲೆಗೆ ಮೈಗೆ ಹೊಲಿದ ಅಂಗಿಯ ಹಾಗೆ ಕೂರುವ ಫೈಬರ್ ಪೆಟ್ಟಿಗೆ ಶೋಕಿಯವರಿಗೆ. ಡಿಕ್ಕಿಯ ಮೂಲೆಗೆ ಟೇಪು ಅಂಟಿಸಿ, ಅದರ ಮೇಲೆ ಗಾಜಿನ ನಾರಿನ ಮ್ಯಾಟು ಹಾಸಿ, ರೆಸಿನ್ ಬಳಿದು ಮೊದಲು ಅಚ್ಚು ತೆಗೆಯಬೇಕು. ಸ್ಪೀಕರ್ ಕೂರುವ ಜಾಗಕ್ಕೆ ಪ್ಲೈವುಡ್ಡಿನ ಬಳೆ ಕೊಯ್ದು ಕಡ್ಡಿಗಳ ಮೇಲೆ ನಿಲ್ಲಿಸಬೇಕು. ಬಳೆಗೂ ಅಚ್ಚಿಗೂ ನಡುವೆ ಹಿಗ್ಗುವ ಬಟ್ಟೆ ಎಳೆದು ಬಿಗಿದು ಅದಕ್ಕೂ ರೆಸಿನ್ ಕುಡಿಸಬೇಕು. ಬಟ್ಟೆ ಕಲ್ಲಾದ ಮೇಲೆ ಒಳಗೆ ಇನ್ನಷ್ಟು ಮ್ಯಾಟು, ಹೊರಗೆ ಪುಟ್ಟಿ, ಉಜ್ಜುವುದು, ಮತ್ತೆ ಪುಟ್ಟಿ, ಮತ್ತೆ ಉಜ್ಜುವುದು…

ಹಿಗ್ಗುವ ಬಟ್ಟೆಗೆಂದು ಅಂಗಡಿಗೆ ಹೋಗುವ ಜಾಯಮಾನ ಚಿಕ್ಕಪ್ಪನದಲ್ಲ. ತಾತನ ಬನಿಯನ್ನುಗಳು ಹಗ್ಗದ ಮೇಲಿಂದ ಒಂದೊಂದಾಗಿ ಮಾಯವಾದವು. ತಾತ ಮಂಗಗಳನ್ನು ಬೈಯುತ್ತಾ ಕೂತಿರುತ್ತಿದ್ದರು. ಅವರ ಬನಿಯನ್ನುಗಳು ಆಗಲೇ ಗೌರಿಬಿದನೂರು, ಚಿಂತಾಮಣಿ ಎಂದು ಕಾರುಗಳ ಡಿಕ್ಕಿಯಲ್ಲಿ ಕೂತು ಊರು ಸುತ್ತುತ್ತಿದ್ದವು. ಚಿಕ್ಕಪ್ಪನ ಅಂಗಿಯನ್ನು ನಮ್ಮ ಬಟ್ಟೆಯ ಜೊತೆ ನೆನೆಸಿದರೆ ಮನೆಮಂದಿಗೆಲ್ಲ ಕೆರೆತ. ಗಾಜಿನ ನಾರು ಒಮ್ಮೆ ಬಟ್ಟೆಗೆ ಹೊಕ್ಕರೆ ಬಿಡುವುದಿಲ್ಲ. ಪರೀಕ್ಷೆಗೆ ಓದುತ್ತಾ ನಾನು ಕೆರೆದುಕೊಂಡದ್ದಕ್ಕೆ ಲೆಕ್ಕವಿಲ್ಲ.

ಕೆಲಸವಾದರೂ ಬರುತ್ತಿತ್ತೇ ಎಂದರೆ ಅದೂ ಅರೆಬರೆ. ರೆಸಿನ್ ತಾನಾಗಿ ಗಟ್ಟಿಯಾಗುವುದಿಲ್ಲ, ಹಾರ್ಡನರ್ ಎಂಬ ನೀರಿನಂಥದ್ದನ್ನು ಅಳೆದು ಸೇರಿಸಬೇಕು. ಅಳೆಯುವುದೆಂದರೆ ಚಿಕ್ಕಪ್ಪನಿಗೆ ಅವಮಾನ. ಕಣ್ಣಂದಾಜಿನಲ್ಲಿ ಸುರಿಯುತ್ತಿದ್ದ. ಬೇಸಿಗೆಯಲ್ಲಿ ಅದು ಹೆಚ್ಚಾಗಿ ಮಗ್ಗಿನಲ್ಲೇ ಕಾದು ಹೊಗೆಯಾಡುತ್ತಿತ್ತು. ಚಳಿಗಾಲದಲ್ಲಿ ದಿನಗಟ್ಟಲೆ ಇಟ್ಟರೂ ಅಂಟು ಬಿಡುತ್ತಿರಲಿಲ್ಲ. ಎರಡಕ್ಕೂ ಅವನ ಹತ್ತಿರ ಇದ್ದದ್ದು ಒಂದೇ ವಿವರಣೆ, ಮಾಲು ಸರಿಯಿಲ್ಲ.

ಅಂಥವನಿಗೂ ಗಿರಾಕಿಗಳಿಗೆ ಬರವಿರಲಿಲ್ಲ. ಜಮೀನು ಮಾರಿ ಕಾರು ತಂದ ಮನೆಗಳ ಹುಡುಗರು. ಕಾರು ಕೆರೆ ಏರಿಯ ಮೇಲೆ ಬರುವಾಗಲೇ ನಮ್ಮ ಮನೆಯ ಸ್ಟೀಲು ತಟ್ಟೆಗಳು ಅಲುಗುತ್ತಿದ್ದವು. ಒಬ್ಬನಿಗೆ ಡಬ್ಬ ಸಿಂಹದ ಮುಖದ ಹಾಗೆ ಇರಬೇಕು, ಬಾಯೊಳಗೆ ಸ್ಪೀಕರು. ಇನ್ನೊಬ್ಬನಿಗೆ ತನ್ನ ಹೆಸರಿನ ಮೊದಲ ಅಕ್ಷರದ ಆಕಾರ. ಆ ಅಕ್ಷರ ಯಾವ ಕಡೆಗೆ ಬಾಗುತ್ತದೆ ಎಂದು ಅವನಿಗೂ ಖಾತ್ರಿಯಿರಲಿಲ್ಲ, ಚಿಕ್ಕಪ್ಪನಿಗೂ ಇರಲಿಲ್ಲ. ಇಬ್ಬರೂ ಸೇರಿ ನನ್ನನ್ನು ಕರೆದು ಕೇಳಿದ್ದರು.

ತನ್ನ ಡಬ್ಬಗಳನ್ನು ಚಿಕ್ಕಪ್ಪ ಡಬ್ಬ ಎನ್ನುತ್ತಿರಲಿಲ್ಲ. ಗೂಡು ಎನ್ನುತ್ತಿದ್ದ. ಶೆಡ್ಡಿನ ಮುಂದೆ ತಗಡಿಗೆ ಕೆಂಪು ಬಣ್ಣದಲ್ಲಿ ‘ಇಲ್ಲಿ ಗೂಡು ಮಾಡಿಕೊಡಲಾಗುವುದು’ ಎಂದು ಬರೆಸಿ ನೇತುಹಾಕಿದ. ಶಿಡ್ಲಘಟ್ಟದ ರಸ್ತೆಯಲ್ಲಿ ಗೂಡು ಎಂದರೆ ರೇಷ್ಮೆಗೂಡು. ಬೇರೆ ಅರ್ಥ ಹಸುಗೂಸಿಗೂ ಹೊಳೆಯುವುದಿಲ್ಲ. ನೂಲು ಬಿಚ್ಚುವ ಸಾಹೇಬರೊಬ್ಬರು ಸ್ಕೂಟರ್ ನಿಲ್ಲಿಸಿ, "ಏನಪ್ಪಾ, ಗೂಡು ಹೆಂಗೆ? ಬಿಳೀದಾ, ಹಳದೀದಾ?" ಎಂದು ಕೇಳಿದರು. ಚಿಕ್ಕಪ್ಪ, "ಯಾವ ಕಲರ್ ಬೇಕಾದ್ರೂ ಹೊಡೆದು ಕೊಡ್ತೀನಿ ಸಾಹೇಬ್ರೇ" ಎಂದ. ಗೂಡಿಗೆ ಬಣ್ಣ ಹೊಡೆದು ಮಾರುವ ಕಳ್ಳ ಎಂದು ಬೈದು ಅವರು ಹೊರಟುಹೋದರು. ಮರ್ಯಾದೆ ಇದ್ದವನು ಅವತ್ತೇ ಆ ತಗಡು ಇಳಿಸುತ್ತಿದ್ದ. ಇವನು ಅದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಅಮ್ಮನ ಹತ್ತಿರವೂ, "ಅತ್ಗೆ, ನೀವೂ ಗೂಡು ಕಟ್ಟಿಸ್ತೀರ, ನಾನೂ ಗೂಡು ಕಟ್ತೀನಿ. ಇಬ್ರುದೂ ಒಂದೇ ಕಸುಬು" ಎನ್ನುತ್ತಿದ್ದ.

ಒಂದೇ ಕಸುಬಂತೆ!

ಅಪ್ಪ ಹೋದ ಮೇಲೆ ರೇಷ್ಮೆ ಹುಳುವಿನ ಕೆಲಸವನ್ನು ಅಮ್ಮ ಒಬ್ಬಳೇ ನಿಂತು ನಡೆಸಿದಳು. ಮನೆಗೆ ಅಂಟಿಕೊಂಡ ಹಾಗೆ, ರಸ್ತೆಗೆ ಮುಖ ಮಾಡಿ, ಉದ್ದನೆಯ ಹುಳುಮನೆ ಇತ್ತು. ಕಿಟಕಿಗಳಿಗೆ ಜಾಲರಿ, ಒಳಗೆ ಸಾಲಾಗಿ ತಟ್ಟೆಗಳು. ಹುಳು ಪೊರೆ ಬಿಡಲು ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳು ಒಂದು ವಾರ ಸೊಪ್ಪಿನ ಮೇಲೆ ಬಿದ್ದು ತಿಂದು, ಹಣ್ಣಾಗಿ, ಚಂದ್ರಿಕೆಯ ಬಿದಿರು ಸುರುಳಿಗೆ ಹತ್ತಿ ಗೂಡು ಕಟ್ಟುತ್ತದೆ. ಆ ಒಂದು ವಾರ ಅಮ್ಮ ನಮ್ಮ ಮನೆಯವಳಾಗಿ ಇರುತ್ತಿರಲಿಲ್ಲ. ಒಗ್ಗರಣೆಗೆ ಮೆಣಸಿನಕಾಯಿ ಹಾಕುವ ಹಾಗಿಲ್ಲ, ದೇವರಿಗೆ ಊದುಬತ್ತಿ ಹಚ್ಚುವ ಹಾಗಿಲ್ಲ, ನಾನು ಪೌಡರ್ ಹಾಕಿಕೊಂಡು ಆ ಬಾಗಿಲ ಹತ್ತಿರ ಸುಳಿಯುವ ಹಾಗಿಲ್ಲ. ಹುಳುವಿಗೆ ಸಣ್ಣ ವಾಸನೆಯೂ ಆಗದು. ಚಿಕ್ಕಪ್ಪನಿಗೆ ಅವಳು ಹಾಕಿದ್ದು ಒಂದೇ ಕಟ್ಟಳೆ. ಕೆಲಸದ ಬಟ್ಟೆಯಲ್ಲಿ ಹುಳುಮನೆಯ ಹೊಸ್ತಿಲು ತುಳಿಯಬಾರದು.

ನಾನು ಕಾಲೇಜಿಗೆ ಸೇರಿದ ವರ್ಷ ಮೇಲಿಂದ ಮೇಲೆ ಎರಡು ಬೆಳೆ ಸರಿಯಾಗಿ ಬರಲಿಲ್ಲ. ಒಮ್ಮೆ ಸುಣ್ಣಕಟ್ಟು ರೋಗ, ಇನ್ನೊಮ್ಮೆ ಮೊಟ್ಟೆಯೇ ಚೆನ್ನಾಗಿರಲಿಲ್ಲ. ಇದೇ ಸಮಯವೆಂದು ಚಿಕ್ಕಪ್ಪ ತಾತನ ಕಿವಿ ಕಚ್ಚತೊಡಗಿದ. ಶೆಡ್ಡು ಸಾಲುತ್ತಿಲ್ಲ, ಹುಳುಮನೆ ರಸ್ತೆಗೇ ಇದೆ, ಕಾರು ನೇರವಾಗಿ ಒಳಗೆ ತರಬಹುದು, ಹೀಗೆ. ತಾತ ಒಂದು ಸಂಜೆ ಜಗಲಿಯ ಮೇಲೆ ಕೂತು ತೀರ್ಪು ಕೊಟ್ಟರು.

"ಸರಿ, ಇದೊಂದು ಬೆಳೆ ನೋಡಣ ಕಣಮ್ಮ. ಎದ್ರೆ ಹುಳುಮನೆ ನಿಂದೇ, ಇನ್ನು ಯಾರೂ ಮಾತಾಡಂಗಿಲ್ಲ. ಇಲ್ದಿದ್ರೆ ಅವನು ಇಟ್ಕಳ್ಳಿ."

ಆ ಸಲ ಹುಳು ಮೊದಲ ಜ್ವರದಿಂದಲೇ ಚೆನ್ನಾಗಿ ಎದ್ದಿತು. ಅಂಥ ಬೆಳೆಯನ್ನು ಅಪ್ಪ ಇದ್ದಾಗಲೂ ನೋಡಿರಲಿಲ್ಲ ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿದಳು. ಜೋರಾಗಿ ಹೇಳಿದರೆ ದೃಷ್ಟಿಯಾದೀತು ಎಂಬ ಭಯ. ನಾಲ್ಕನೇ ಜ್ವರವೂ ಕಳೆಯಿತು. ಹುಳು ಎಷ್ಟು ತಿಂದವೆಂದರೆ ನಮ್ಮ ತೋಟದ ಸೊಪ್ಪು ಮುಗಿದು, ಪೆರೇಸಂದ್ರದ ಒಬ್ಬರಿಂದ ಸೊಪ್ಪು ಕೊಳ್ಳಬೇಕಾಯಿತು. ಹಿಂದಿನ ದಿನ ಒಂದು ಟೆಂಪೋ ತಂದು ಹಾಕಿದ್ದಳು. ಮಾರನೆಯ ಬೆಳಿಗ್ಗೆ ಅದೇ ಸೊಪ್ಪು ಹಾಕಿ, ಹುಳು ತಿನ್ನುವುದನ್ನು ನಿಂತು ನೋಡಿ, ಉಳಿದ ಸೊಪ್ಪು ತರಲು ಮತ್ತೆ ಹೊರಟಳು. ನಾನು ಚಿಕ್ಕಬಳ್ಳಾಪುರದ ಕಾಲೇಜಿಗೆ ಹೋಗಬೇಕಿತ್ತು, ತಾತನಿಗೆ ಕಾಲಿನ ನೋವು. ಮಾರ್ಗಶಿರದ ಚಳಿ, ಹುಳುಮನೆಯನ್ನು ಬೆಚ್ಚಗಿಡುವ ಕೆಂಡ ಆರುವ ಹಾಗಿರಲಿಲ್ಲ. ಬೇರೆ ದಾರಿಯಿಲ್ಲದೆ ಚಿಕ್ಕಪ್ಪನಿಗೆ ಹೇಳಿದಳು.

"ಸ್ನಾನ ಮಾಡಿ, ಒಗೆದ ಬಟ್ಟೆ ಹಾಕ್ಕಂಡು ಒಳಗೆ ಹೋಗಪ್ಪ. ಕೆಂಡ ಆರದಂಗೆ ನೋಡ್ಕ, ಇನ್ನೇನೂ ಬೇಡ."

"ಆಯ್ತು ಅತ್ಗೆ, ನೀವು ಹೋಗ್ಬನ್ನಿ" ಎಂದ.

ಆ ದಿನಗಳಲ್ಲಿ ಅವನ ಕೈಯಲ್ಲೊಂದು ದೊಡ್ಡ ಕೆಲಸವಿತ್ತು. ಚಿಂತಾಮಣಿಯಲ್ಲಿ ಸೈಟುಗಳ ವ್ಯಾಪಾರ ಮಾಡುವವರ ಮಗನಿಗೆ ಮದುವೆ. ಮದುವೆಯ ಕಾರಿಗೆ ಸ್ಕಂದಗಿರಿ ಬೆಟ್ಟದ ಆಕಾರದ ಡಬ್ಬ ಬೇಕಂತೆ. ಅವನು ಹುಡುಗಿಯನ್ನು ಮೊದಲು ನೋಡಿದ್ದು ಆ ಬೆಟ್ಟದ ಮೇಲಂತೆ. ಸುಂದರವಾದ ಒಂದು ಬೆಟ್ಟವನ್ನು ಕಾರಿನ ಡಿಕ್ಕಿಗೆ ತುರುಕಿ ದುಂ ದುಂ ಎನ್ನಿಸುವುದು ಪ್ರೀತಿಯ ಗುರುತು ಎಂದು ಅವನಿಗೆ ಹೇಳಿಕೊಟ್ಟವರು ಯಾರೋ. ಡಬ್ಬ ಮರುದಿನವೇ ಬೇಕಿತ್ತು. ಚಳಿಗೆ ರೆಸಿನ್ ಹಿಡಿದಿರಲಿಲ್ಲ, ಬೆಟ್ಟ ಪೂರ್ತಿ ಅಂಟಂಟಾಗಿ ಶೆಡ್ಡಿನಲ್ಲಿ ಕೂತಿತ್ತು.

ಊರಿಗೆಲ್ಲ ಆ ದಿನ ಬೆಚ್ಚಗಿದ್ದ ಜಾಗ ಒಂದೇ, ಅಮ್ಮನ ಹುಳುಮನೆ.

ನಾನು ಬಸ್ಸಿಳಿಯುವ ಹೊತ್ತಿಗೆ ಅಮ್ಮನ ಟೆಂಪೋ ಕೂಡ ಬಂತು. ಇಬ್ಬರೂ ಒಂದೊಂದು ಸೊಪ್ಪಿನ ಹೊರೆ ಹೊತ್ತು ಹುಳುಮನೆಯ ಬಾಗಿಲು ತಳ್ಳಿದೆವು. ಮುಖಕ್ಕೆ ಹೊಡೆದ ಹಾಗೆ ಆ ವಾಸನೆ. ಕೆಂಡದ ಒಲೆಯ ಪಕ್ಕದಲ್ಲಿ, ಬೋರಲು ಹಾಕಿದ ಬುಟ್ಟಿಯ ಮೇಲೆ, ಸ್ಪೀಕರಿಗೆ ಬಿಟ್ಟ ಎರಡು ತೂತುಗಳ ಸಮೇತ ಸ್ಕಂದಗಿರಿ ಕೂತಿತ್ತು. ಬೆಂಕಿ ಹತ್ತಿ ಮನೆ ಹೋಗದಿದ್ದದ್ದೇ ಹೆಚ್ಚು. ತಟ್ಟೆಗಳಲ್ಲಿ ಹುಳು ಸೊಪ್ಪು ಬಿಟ್ಟು ತಲೆಯೆತ್ತಿ ಅತ್ತಿತ್ತ ಆಡಿಸುತ್ತಿದ್ದವು. ಬಾಯಿಂದ ಹಸಿರು ನೀರು. ಎಷ್ಟೋ ಹುಳು ಆಗಲೇ ಕುಗ್ಗಿ, ತಟ್ಟೆಯಿಂದ ಕೆಳಗೆ ಬಿದ್ದಿದ್ದವು. ಬೆಳಿಗ್ಗೆ ನಾನು ಹೊರಡುವಾಗ ಕೇಳಿದ್ದ ಸೊಪ್ಪು ತಿನ್ನುವ ಸದ್ದು ಪೂರ್ತಿ ನಿಂತಿತ್ತು. ಅಮ್ಮ ಹೊರೆ ಹೊತ್ತುಕೊಂಡೇ ನಿಂತಿದ್ದಳು. ಇಳಿಸಬೇಕೆಂದು ಅವಳಿಗೆ ತೋಚಲಿಲ್ಲ.

ಟೆಂಪೋ ಸದ್ದಿಗೆ ಚಿಕ್ಕಪ್ಪ ಓಡಿ ಬಂದ. ಸ್ನಾನ ಮಾಡಿದ್ದ. ಒಗೆದ ಬಿಳಿ ಪಂಚೆ, ಒಗೆದ ಅಂಗಿ. ಅತ್ತಿಗೆಯ ಮಾತನ್ನು ಚಾಚೂ ತಪ್ಪದೆ ಪಾಲಿಸಿ, ಮಡಿಯಾಗಿ, ಆ ವಿಷದ ಬೆಟ್ಟವನ್ನು ಹೊತ್ತು ತಂದು ಹುಳುಗಳ ನಡುವೆ ಇಟ್ಟಿದ್ದ. ಒಳಗೆ ಬಂದವನು ಅಮ್ಮನ ಮುಖ ನೋಡಲಿಲ್ಲ, ಹುಳು ನೋಡಲಿಲ್ಲ. ನೇರವಾಗಿ ಡಬ್ಬದ ಹತ್ತಿರ ಹೋಗಿ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದ.

"ಸೆಟ್ ಆಗೈತೆ" ಎಂದ.

ಬದುಕಿನಲ್ಲಿ ನಾನು ಹಲವರನ್ನು ಕಂಡು ಹೇಸಿದ್ದೇನೆ. ಆ ಎರಡು ಶಬ್ದ ಕೇಳಿದಾಗ ಬಂದಂಥ ಹೇಸಿಗೆ ಮತ್ತೆಂದೂ ಬಂದಿಲ್ಲ.

ಆಮೇಲೆ ಹುಳು ನೋಡಿದ. ಮುಖ ಬಿಳಿಚಿತು, ಅದನ್ನು ಇಲ್ಲವೆನ್ನುವುದಿಲ್ಲ. ಒಂದು ಗಳಿಗೆ ಏನೋ ಹೇಳುವವನ ಹಾಗೆ ಬಾಯಿ ತೆರೆದ. ಆ ಗಳಿಗೆಯಲ್ಲಿ ತಪ್ಪಾಯಿತು ಎಂದಿದ್ದರೆ… ಎನ್ನಲಿಲ್ಲ. ಅವನ ಕಣ್ಣು ಅಮ್ಮನ ತಲೆಯ ಮೇಲಿನ ಹೊರೆಯ ಮೇಲೆ ಹೋಯಿತು.

"ಸೊಪ್ಪಿಗೇ ಏನೋ ಔಷಧಿ ಹೊಡೆದಿರ್ಬೇಕು ಅತ್ಗೆ. ಎಲ್ಲಿಂದಲೋ ತಂದ್ರೆ ಹಿಂಗೇ ಆಗೋದು. ನನ್ನ ಗೂಡು ತರೋಕ್ ಮುಂಚೇನೇ ಹುಳ ಡಲ್ ಆಗಿದ್ವು."

ಅದೇ ಮಾತನ್ನು ಜಗಲಿಗೆ ಹೋಗಿ ತಾತನಿಗೆ ಹೇಳಿದ. ಕತ್ತಲಾಗುವುದರೊಳಗೆ ಊರಿಗೆ ಹೇಳಿದ. ಬೆಳಿಗ್ಗೆ ಹುಳು ಚೆನ್ನಾಗಿ ತಿಂದವು ಎಂದು ಅಮ್ಮ ಹೇಳಿದಳು. ಕೆಲವು ಔಷಧಿ ಹೊತ್ತು ಕಳೆದ ಮೇಲೆಯೇ ಹಿಡಿಯುವುದು ಎಂದು ತಿಳಿದವರೊಬ್ಬರು ತಲೆಯಾಡಿಸಿದರು. ಅವಳು ಹೊರಟ ಮೇಲೆ, ಡಬ್ಬ ಒಳಗೆ ಬರುವ ಮುಂಚೆ, ಹುಳು ಹೇಗಿದ್ದವು ಎಂದು ನೋಡಿದ್ದು ಚಿಕ್ಕಪ್ಪ ಒಬ್ಬನೇ. ಬುದ್ಧಿಯಿದ್ದ ಯಾರಿಗಾದರೂ ವಾಸನೆ ಸಾಕಿತ್ತು. ಆದರೆ ತಾತನಿಗೆ ಉಳಿದಿದ್ದದ್ದು ಒಬ್ಬನೇ ಮಗ, ಮೂಗನ್ನು ನಂಬುವುದಕ್ಕಿಂತ ಮಗನನ್ನು ನಂಬುವುದು ಸುಲಭವಾಯಿತು. ಅವರು ಅಮ್ಮನನ್ನು ಬೈಯಲಿಲ್ಲ. "ಹೋಗ್ಲಿ ಬಿಡಮ್ಮ, ಯಾರಿಗಾದ್ರೂ ಆಗೋದೇ" ಎಂದು ಕ್ಷಮಿಸಿದರು. ತಪ್ಪು ಮಾಡದವಳನ್ನು ಕ್ಷಮಿಸಿಬಿಟ್ಟರೆ ಅವಳು ಏನೆಂದು ಜಗಳವಾಡಬೇಕು?

ಹುಳುಗಳನ್ನು ಹೊಲದಲ್ಲಿ ಗುಂಡಿ ತೋಡಿ ಹೂತೆವು. ಸಂಕ್ರಾಂತಿಯ ಹೊತ್ತಿಗೆ ಹುಳುಮನೆ ಚಿಕ್ಕಪ್ಪನದಾಯಿತು. ಚಂದ್ರಿಕೆಗಳನ್ನು ಅಮ್ಮ ತಾನೇ ಮುರಿದು ನೀರೊಲೆಗೆ ಹಾಕಿದಳು. ಇನ್ನು ಆ ಸ್ಕಂದಗಿರಿಯ ಸುದ್ದಿ. ಮದುವೆಯ ಮೆರವಣಿಗೆಯಲ್ಲಿ ಕಾರು ಅರ್ಧ ಬೀದಿ ದಾಟುವುದರೊಳಗೆ ಡಬ್ಬ ಅದುರಿ ಅದುರಿ ಮಧ್ಯಕ್ಕೆ ಬಿರಿಯಿತಂತೆ. ಒಳಗೆ ಹಸಿ, ಹೊರಗೆ ಗಟ್ಟಿ. ಮಾಡಿದವನ ಹಾಗೆಯೇ.

ಅಷ್ಟೆಲ್ಲ ಮಾಡಿ ಪಡೆದ ಹುಳುಮನೆಯನ್ನಾದರೂ ಉಳಿಸಿಕೊಂಡನೇ? ಅದೂ ಇಲ್ಲ. ಹೊಸ ಕಾರುಗಳಿಗೆ ಒಳ್ಳೆಯ ಸ್ಪೀಕರುಗಳು ಕಂಪನಿಯಿಂದಲೇ ಬರತೊಡಗಿದವು. ಶೋಕಿ ಹುಡುಗರು ಬೇರೆ ಶೋಕಿ ಹುಡುಕಿಕೊಂಡರು. ಚಿಕ್ಕಪ್ಪ ತಗಡಿನ ಬೋರ್ಡು ಇಳಿಸಿ, ಹುಳುಮನೆಯನ್ನು ಟೊಮೆಟೊ ಕ್ರೇಟು ಇಡುವವರಿಗೆ ಬಾಡಿಗೆಗೆ ಕೊಟ್ಟು, ಜಗಲಿಯಲ್ಲಿ ಕಾಲು ಚಾಚಿ ಕೂತ. ಮದುವೆಯೂ ಆಯಿತು. ನನಗೆ ಇಲ್ಲಿ ಕೆಲಸ ಸಿಕ್ಕಿದ ಮೇಲೆ ಅಮ್ಮನನ್ನು ಗೌರಿಬಿದನೂರಿಗೆ ಕರೆತಂದೆ. ವರ್ಷಕ್ಕೊಮ್ಮೆ ಚಿಕ್ಕಪ್ಪ ನಮ್ಮಲ್ಲಿಗೆ ಬರುತ್ತಿದ್ದ. ಈ ಜಿಲ್ಲೆಗೆ ಫೈಬರ್ ಕೆಲಸ ತಂದವನೇ ತಾನು ಎಂದು ನಮ್ಮ ಅಕ್ಕಪಕ್ಕದವರಿಗೆ ಹೇಳುತ್ತಿದ್ದ. ಅಮ್ಮ ಬಡಿಸುತ್ತಿದ್ದಳು, ಅವನು ತಿನ್ನುತ್ತಿದ್ದ. ಇವತ್ತಾದರೂ ತಪ್ಪಾಯಿತು ಎಂಬ ಮಾತು ಬಾಯಿಗೆ ಬಂದೀತೇ ಎಂದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ. "ಸಾರು ಚೆನ್ನಾಗೈತೆ ಅತ್ಗೆ" ಎಂದು ಕೈ ತೊಳೆದು ಎದ್ದುಹೋಗುತ್ತಿದ್ದ.

ಒಂದು ಬೆಳಿಗ್ಗೆ ಎದೆನೋವು ಎಂದು ಕೂತವನು ಮತ್ತೆ ಏಳಲಿಲ್ಲ. ಹನ್ನೊಂದನೇ ದಿನದ ಕಾರ್ಯಕ್ಕೆ ಅಮ್ಮನ ಜೊತೆ ಊರಿಗೆ ಹೋದೆ. ಎಂಥ ಕೆಲಸಗಾರ, ಎಂಥ ಕೈ ಎಂದು ಜನ ಹೊಗಳುತ್ತಿದ್ದರು. ಸತ್ತವರ ಮನೆಯಲ್ಲಿ ಸುಳ್ಳಿಗೆ ತೆರಿಗೆಯಿಲ್ಲ ಎಂದುಕೊಂಡೆ. ಪಕ್ಕದ ಮನೆಯ ಅಜ್ಜಿ ಅಮ್ಮನ ಕೈ ಹಿಡಿದು ಕನಿಕರದಿಂದ, "ಪಾಪ, ಅವತ್ತು ಆ ಪೆರೇಸಂದ್ರದ ಸೊಪ್ಪು ತರದೇ ಇದ್ದಿದ್ರೆ ನೀನೂ ಇಲ್ಲೇ ಇರ್ತಿದ್ದೆ ಕಣೇ" ಎಂದಳು. ಅವನು ಹೋದರೂ ಅವನ ಮಾತು ಊರಿನಲ್ಲಿ ಗಟ್ಟಿಮುಟ್ಟಾಗಿತ್ತು.

ಎಡೆ ಇಡುವ ಹೊತ್ತು ಬಂತು. ಬಾಳೆಯೆಲೆಯ ಮೇಲೆ ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಒಬ್ಬೊಬ್ಬರೂ ಇಡುತ್ತಾರೆ. ಒಬ್ಬಟ್ಟು, ವಡೆ, ಕೋಳಿ ಸಾರು, ಬೀಡಿ ಕಟ್ಟು ಎಲ್ಲ ಆಯಿತು. ಅತ್ತು ಕಣ್ಣು ಊದಿದ್ದ ಚಿಕ್ಕಮ್ಮ, "ಅಕ್ಕಾ, ನೀವೂ ಅವರಿಗೆ ಇಷ್ಟ ಆಗಿದ್ದು ಏನಾದ್ರೂ ಇಡಿ" ಎಂದು ಅಮ್ಮನನ್ನು ಕರೆದಳು.

ಅಮ್ಮ ಎದ್ದು ಎಲೆಯ ಮುಂದೆ ನಿಂತಳು. ಇಷ್ಟು ವರ್ಷ ಒಂದು ಬಿರುಸು ಮಾತಾಡದವಳು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಅವನಿಗೆ ಇಷ್ಟ ಆಗಿದ್ದು ನನ್ನ ಹುಳುಮನೆ ಕಣಮ್ಮ. ಅದನ್ನ ಎಲೆ ಮೇಲೆ ಹೆಂಗಿಡ್ಲಿ?"

ಅಮ್ಮ ಬಂದು ನನ್ನ ಪಕ್ಕ ಕೂತಳು. ನನಗೆ ಒಳಗೊಳಗೇ ಹಬ್ಬ. ಬಸ್ಸಿನಲ್ಲಿ ಬರುವಾಗ ಅವಳ ಕೈ ಹಿಡಿದುಕೊಂಡು ಕೂತಿದ್ದೆ. ಅಂತೂ ಹೇಳಿಬಿಟ್ಟಳು, ಇಷ್ಟು ದಿನದ ಭಾರ ಇಳಿಯಿತು ಎಂದುಕೊಂಡಿದ್ದೆ.

ಇಳಿದಿರಲಿಲ್ಲ. ಮೊನ್ನೆ ಭಾನುವಾರ ಬಾಗಿಲಿಗೆ ಸೊಪ್ಪಿನ ಗಾಡಿ ಬಂದಿತ್ತು. ಅಮ್ಮ ದಂಟಿನ ಸೊಪ್ಪಿನ ಕಟ್ಟೊಂದನ್ನು ಎತ್ತಿ ಮೂಸಿದಳು, ಮತ್ತೆ ತಿರುಗಿಸಿ ಮೂಸಿದಳು. ಗಾಡಿಯವನು, "ಔಷಧಿ ಹೊಡೆದಿಲ್ಲ ಅಮ್ಮ, ತಗೊಳ್ಳಿ" ಎಂದ. ಅವಳು ಕಟ್ಟನ್ನು ವಾಪಸು ಇಟ್ಟು ಒಳಗೆ ಬಂದು ಕೂತಳು. ನನ್ನ ಕಡೆ ತಿರುಗಿದಳು.

"ಆ ಸೊಪ್ಪು ಚೆನ್ನಾಗೇ ಇತ್ತು ಅಲ್ವೇನೇ?"

"ಚೆನ್ನಾಗಿತ್ತಮ್ಮ. ಆ ಡಬ್ಬದಿಂದ್ಲೇ ಆಗಿದ್ದು. ವಾಸನೆ ನಾನೇ ಕುಡಿದಿದ್ದೀನಲ್ಲ."

"ನೀನು ಬಂದಿದ್ದು ಸಾಯಂಕಾಲ. ಡಬ್ಬ ತರೋಕ್ ಮುಂಚೆ ಹುಳ ಹೆಂಗಿದ್ವು ಅಂತ ನಿಂಗೇನ್ ಗೊತ್ತು?"

ಆ ದರಿದ್ರದವನ ಸುಳ್ಳು ಊರನ್ನೆಲ್ಲ ಸುತ್ತಿ ಕೊನೆಗೆ ಅಮ್ಮನ ಒಳಗೇ ಬಂದು ಕೂತಿದೆ ಎಂದು ನನಗೆ ಗೊತ್ತಾದದ್ದು ಆಗ. ಚಿಕ್ಕಪ್ಪ ಇನ್ನೂ ಬದುಕಿರಬೇಕಿತ್ತು ಎಂದು ಅವತ್ತು ಮೊದಲ ಸಲ ನನಗೆ ಅನ್ನಿಸಿತು. ಅಯೋಗ್ಯನೇ ಇರಬಹುದು, ಡಬ್ಬ ತರುವ ಮುಂಚೆ ಹುಳು ಹೇಗಿದ್ದವು ಎಂಬ ನಿಜ ಇದ್ದದ್ದು ಅವನೊಬ್ಬನ ಹತ್ತಿರ.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಅವನು ಊಟಕ್ಕೆ ಕೂತಾಗ ಒಂದು ಸಲ ಕೇಳ್ಬೇಕಾಗಿತ್ತು ಕಣೇ" ಎಂದಳು.